ಬಿಲ್ಲಿಲ್ಲದ ರೊಟ್ಟಿ

ನಮ್ಮ ಮನೆಯವರ ಹೊಟ್ಟೆ ಕೆಟ್ಟದ್ದು ಇನ್‌ಕಮ್ ಟ್ಯಾಕ್ಸಿನಿಂದ ಎಂದರೆ ಜನ ನಗುತ್ತಾರೆ. ನಗಲಿ. ರೊಟ್ಟಿ ಬಡಿದ ಕೈ ನನ್ನದು, ನನಗೆ ಗೊತ್ತು.

ಎರಡು ಸಾವಿರದ ಆರು, ಏಳರ ಸುಮಾರು. ನಾವು ಅಕ್ಕೋಳದಲ್ಲಿದ್ದೆವು. ಇದ್ದದ್ದು ಒಂದೇ ಲಾರಿ, ಓಡಿಸುವವರೂ ಅವರೇ. ನಿಪ್ಪಾಣಿಯಲ್ಲಿ ತಂಬಾಕು ತುಂಬಿಕೊಂಡು ಬಂಗಾಳದ ಕಡೆ ಹೊರಟರೆ ತಿರುಗಿ ಬರಲು ಇಪ್ಪತ್ತು ದಿನ. ಹೊರಡುವ ಮುಂಚೆ ಎರಡು ದಿನ ಒಲೆ ಮುಂದೆ ಕೂತು ಕಡಕ್ ರೊಟ್ಟಿ ಬಡಿಯುತ್ತಿದ್ದೆ. ಹಳೇ ಧೋತರದಲ್ಲಿ ಕಟ್ಟಿ, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ. ಆ ಗಂಟು ಸೀಟಿನ ಹಿಂದೆ ತೂಗುತ್ತಿತ್ತು. "ಹೊರಗಿಂದು ಉಂಡ್ರ ಕಣ್ಣ ಎಳೀತಾವು, ಗಾಡಿ ಹೊಡ್ಯಾಕ ಆಗಂಗಿಲ್ಲ" ಅನ್ನುತ್ತಿದ್ದರು.

ಪ್ರತಿ ಬಾಡಿಗೆಯಲ್ಲಿ ಟ್ರಾನ್ಸ್‌ಪೋರ್ಟಿನವರು ಟ್ಯಾಕ್ಸ್ ಅಂತ ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಅದು ಹೊಳೆಗೆ ಹೋಯಿತೆಂದೇ ನಾವು ಬಿಟ್ಟಿದ್ದೆವು. ರಿಟರ್ನ್ ತುಂಬಿದರೆ ವಾಪಸ್ ಬರುತ್ತದೆಂದು ಯಾರೋ ಹೇಳಿದ ಮೇಲೆ ನಿಪ್ಪಾಣಿಯ ಒಬ್ಬ ಟ್ಯಾಕ್ಸ್ ಸಲಹೆಗಾರನ ಹತ್ತಿರ ಹೋದೆವು. ನಾನು ಹತ್ತನೇ ಇಯತ್ತೆ ಪಾಸಾದವಳೆಂದು ನನ್ನನ್ನೂ ಕರೆದೊಯ್ದಿದ್ದರು.

"ಖರ್ಚ ತೋರಸ್ರಿ, ರೊಕ್ಕ ವಾಪಸ್ ಬರತೈತಿ" ಎಂದ ಆತ. "ಡೀಸೆಲ್, ಟೈರು, ದಾರ್‍ಯಾಗಿನ ಊಟ, ಎಲ್ಲಾ."

"ಊಟ ಮನಿಯಿಂದ ಒಯ್ತಾರ್ರಿ. ನಾನ ರೊಟ್ಟಿ ಮಾಡಿ ಕೊಡ್ತೀನಿ" ಎಂದೆ.

"ಬಿಲ್ ಐತೇನ್ರಿ?"

"ರೊಟ್ಟಿಗೆ ಎಲ್ಲಿ ಬಿಲ್ರಿ?"

ಆತ ಕನ್ನಡಕ ತೆಗೆದು ನಕ್ಕ. "ಬಿಲ್ ಇಲ್ಲಂದ್ರ ಅದು ಖರ್ಚ ಅಲ್ರಿ ವೈನಿ."

ಎರಡು ದಿನ ಹೊಗೆ ಕುಡಿದದ್ದು ಖರ್ಚಲ್ಲವಂತೆ! ಸಿಟ್ಟಿನಲ್ಲಿ ನನಗೂ ಬುದ್ಧಿ ಇರಲಿಲ್ಲ. ಮಕ್ಕಳ ನೋಟ್‌ಬುಕ್ಕಿನ ಹಾಳೆ ಹರಿದು, "ಜೋಳದ ರೊಟ್ಟಿ ನೂರಾ ಇಪ್ಪತ್ತು, ಚಟ್ನಿ ಎರಡು ಡಬ್ಬಿ" ಎಂದು ದರ ಹಾಕಿ, ಕೆಳಗೆ ಸಹಿ ಮಾಡಿ ಇವರ ಕೈಯಲ್ಲಿ ಕಳಿಸಿದೆ. ಆತ ಅದನ್ನು ಆಫೀಸಿನಲ್ಲಿ ಕೂತವರಿಗೆಲ್ಲ ಓದಿ ಹೇಳಿದನಂತೆ. ನಮ್ಮ ಮನೆಯವರು ತಲೆ ತಗ್ಗಿಸಿಕೊಂಡು ಬಂದರು. ಮುಂದಿನ ಟ್ರಿಪ್ಪಿಗೆ ನಾನು ಹಿಟ್ಟು ನಾದಲು ಕೂತಾಗ ಹೇಳಿದರು: "ಈ ಸಲ ಬ್ಯಾಡ. ಢಾಬಾದಾಗ ಉಂಡ ಬಿಲ್ ತರ್ತೀನಿ."

ನಾನೂ ತಡೆಯಲಿಲ್ಲ. ಅವಮಾನವಾಗಿತ್ತು. ತಡೆಯಲಿಲ್ಲವೆಂಬ ಸಿಟ್ಟು ನನ್ನ ಮೇಲೆಯೇ ಇನ್ನೂ ಇದೆ.

ಎರಡು ವರ್ಷ ಹಾಗೆ ನಡೆಯಿತು. ಡ್ರೈವರ್ ಒಬ್ಬ ಬಿಲ್ ಕೇಳುತ್ತಾನೆಂದು ಢಾಬಾದವರೂ ನಗುತ್ತಿದ್ದರಂತೆ. ಎಣ್ಣೆ ಹತ್ತಿದ ಚೀಟಿಗಳನ್ನು ನಾನು ತಾರೀಖಿನ ಪ್ರಕಾರ ಅಂಟಿಸುತ್ತಿದ್ದೆ. ಸಲಹೆಗಾರ ಫೈಲಿನ ದಪ್ಪ ನೋಡಿ ಫೀ ಹೇಳುತ್ತಿದ್ದ. ವಾಪಸ್ ಬರುವ ರೊಕ್ಕಕ್ಕೆ ಮಾತ್ರ "ಇನ್ನಷ್ಟ ಬಿಲ್ ಬೇಕಾಗಿದ್ವು, ಮುಂದಿನ ವರ್ಷ ನೋಡೂಣ" ಅನ್ನುವುದೇ ಆಯಿತು. ಅಷ್ಟರಲ್ಲಿ ಇವರು ರಕ್ತ ವಾಂತಿ ಮಾಡಿಕೊಂಡರು. ಗಂಟಲಲ್ಲಿ ನಳಿಗೆ ಇಳಿಸಿ ನೋಡಿದ ಡಾಕ್ಟರು, ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದರು.

"ಹೊರಗಿನ ಊಟ ಬಿಡ್ರಿ. ಮನಿಯಿಂದ ರೊಟ್ಟಿ ಕಟಗೊಂಡ ಹೋಗಾಕ ಏನಾಗೇತಿ?"

ನನ್ನ ನಾಲಿಗೆ ನಿಲ್ಲಲಿಲ್ಲ. "ಅದನ್ನ ಚೀಟಿ ಮ್ಯಾಲ ಬರದ ಸಹಿ ಮಾಡಿ ಕೊಡ್ರಿ ಸಾಹೇಬ್ರ. ಕಾಗದ ಇಲ್ಲಂದ್ರ ನಮ್ಮ ರೊಟ್ಟಿ ನಡ್ಯಂಗಿಲ್ಲ."

ಪಾಪ, ಅವರಿಗೇನು ಗೊತ್ತು, ಗುಳಿಗೆ ಬರೆದು, ಖಾರ ಮುಟ್ಟಬಾರದು ಎಂದೂ ಕೆಳಗೆ ಬರೆದು ಕೊಟ್ಟರು.

ಆ ವರ್ಷ ಬಿಲ್ಲಿನ ಚೀಲ ಹೊತ್ತು ನಾನೊಬ್ಬಳೇ ಚಿಕ್ಕೋಡಿಗೆ ಹೋದೆ. ಅಲ್ಲಿ ಟ್ಯಾಕ್ಸ್ ಕೆಲಸದ ಆಫೀಸು ಹೊಸದಾಗಿ ತೆರೆದಿದ್ದ ಹುಡುಗಿ ಚೀಲದೊಳಗೆ ಇಣುಕಿ ಕೇಳಿದಳು: "ಇರೂದು ಒಂದ ಲಾರಿ ಅಲ್ರಿ ಅಕ್ಕಾರ? ಇವನ್ನ ಯಾಕ ತಂದೀರಿ? ಹತ್ತಕ್ಕಿಂತ ಹೆಚ್ಚ ಲಾರಿ ಇಲ್ಲದವರು ಲಾರಿಗೆ ಇಷ್ಟ ಅಂತ ಆದಾಯ ಬರದ್ರ ಮುಗೀತು. ಊಟದ ಬಿಲ್ಲೂ ಬ್ಯಾಡ, ಡೀಸೆಲ್ ಬಿಲ್ಲೂ ಬ್ಯಾಡ."

"ಈ ಕಾಯ್ದೆ ಯಾವಾಗ ಆತು?"

"ನಾ ಸಣ್ಣಾಕಿ ಇದ್ದಾಗಿಂದ ಐತ್ರಿ."

ಬಸ್ಸು ಹಿಡಿದು ನೇರ ನಿಪ್ಪಾಣಿಗೆ ಬಂದೆ. ಚೀಲವನ್ನು ಆ ಸಲಹೆಗಾರನ ಟೇಬಲ್ ಮೇಲೆ ಸುರಿದೆ. ಆತ ಚೀಟಿಗಳನ್ನು ಒತ್ತಟ್ಟಿಗೆ ಸರಿಸುತ್ತ ಹೇಳಿದ: "ನಾ ಬಿಲ್ ತರ್ರಿ ಅಂದಿದ್ದೆ. ಢಾಬಾದಾಗ ಉಣ್ರಿ ಅಂದಿಲ್ಲಲ್ರಿ ವೈನಿ."

ಬಾಯಿಗೆ ಬಂದಂತೆ ಬೈದೆ. ಅವತ್ತು ಆ ಆಫೀಸಿನಲ್ಲಿ ಯಾರೂ ನಗಲಿಲ್ಲ.

ಚಿಕ್ಕೋಡಿಯ ಹುಡುಗಿ ತುಂಬಿದ ರಿಟರ್ನಿಗೆ ಕೆಲವು ತಿಂಗಳಲ್ಲಿ ಚೆಕ್ಕು ಬಂತು. ಇವರಿಗೆ ಖುಷಿಯೋ ಖುಷಿ. "ಬಂತಲ್ಲ, ಇನ್ನರ ಸಿಟ್ಟ ಬಿಡ" ಎಂದರು. ಅವತ್ತು ರೊಟ್ಟಿ ಬಡಿದು, ಶೇಂಗಾ ಚಟ್ನಿ ಡಬ್ಬಿಯನ್ನೂ ಮರೆತು ಮುಂದಿಟ್ಟುಬಿಟ್ಟೆ. ಅವರು ಮುಚ್ಚಳ ತೆಗೆದು ವಾಸನೆ ನೋಡಿ, ಮತ್ತೆ ಮುಚ್ಚಿ, ನನ್ನ ಕಡೆಗೆ ಸರಿಸಿದರು. ಆಮೇಲೆ ರೊಟ್ಟಿಯನ್ನು ಮುರಿದು ಹಾಲಿನಲ್ಲಿ ಹಾಕಿ, ಮೆತ್ತಗಾಗಲಿ ಎಂದು ಕಾಯುತ್ತ ಕೂತರು.