ಷಡ್ಡಕರ ಫ್ರೆಂಚ್ ವೈನ್

ಫ್ರಾನ್ಸಿನಲ್ಲಿ ಒಂದು ವಾರ ಸುತ್ತಿ ಬಂದ ನನ್ನ ಷಡ್ಡಕರು ಭಾನುವಾರ ಸರಸ್ವತಿಪುರಂನ ತಮ್ಮ ಮನೆಗೆ ನಮ್ಮನ್ನು ಊಟಕ್ಕೆ ಕರೆದು, ಅಲ್ಲಿಂದ ತಂದಿದ್ದ ಕೆಂಪು ವೈನಿನ ಬಾಟಲಿಗಳಲ್ಲಿ ಒಂದನ್ನು ತೆರೆದರು. ಹೋದ ವರ್ಷವಷ್ಟೇ ತಯಾರಾದ ಅಗ್ಗದ ವೈನು. ಅವರ ಠೀವಿ ನೋಡಿದರೆ ದ್ರಾಕ್ಷಿಯನ್ನು ತಾವೇ ಹಿಂಡಿದ್ದರೇನೋ ಅನ್ನಬೇಕು. ಗ್ಲಾಸನ್ನು ತಿರುಗಿಸಿ, ಅದರೊಳಗೆ ಮೂಗು ತೂರಿಸಿ, "ಚೆರ್ರಿ ವಾಸನೆ ಬರ್ತಿದೆ, ಅಲ್ವೇನ್ರೀ?" ಎಂದರು.

ನನ್ನ ಬಾಯಿಗೆ ಸಿಕ್ಕಿದ್ದು ಬಲಿಯದ ನೇರಳೆಯ ಒಗರು ಮಾತ್ರ. ಆದರೂ "ಹೌದು, ಬರ್ತಿದೆ" ಎಂದೆ.

ಅಷ್ಟರಲ್ಲಿ ನಾದಿನಿ ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದಿಟ್ಟಳು. "ಹಾಕ್ಕೊಳ್ಳಿ ಭಾವ, ಒಗರು ಅಂತ ಇವ್ರೂ ನೆನ್ನೆ ಸಕ್ಕರೆ ಕಲಸ್ಕೊಂಡೇ ಕುಡಿದ್ಬುಟ್ರು."

ಷಡ್ಡಕರು ತಮ್ಮ ಗ್ಲಾಸಿಗೆ ಎರಡು ಚಮಚ ಸುರಿದುಕೊಂಡು ಕಲಕಿದರು. ಇಂಥವರ ಎದುರು ತಲೆಯಾಡಿಸಿದ್ದಕ್ಕೆ ನನ್ನ ಮೇಲೇ ನನಗೆ ಹೇಸಿಗೆಯಾಯಿತು.