ಫಕ್ರುಸಾಬರ ಗುಳ್ಳೆ

ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದರಲ್ಲಿ ಇಳಕಲ್ಲಿನ ಫಕ್ರುಸಾಬರ ಬೆರಳಿಗೆ ಸಮನಿಲ್ಲ. ನಾಲಿಗೆಗಂತೂ ಇಲ್ಲವೇ ಇಲ್ಲ. ಸೊಸೆ ನರ್ಗೀಸಳಿಗೆ ಕ್ಷಯವೆಂದು ತಿಳಿದ ದಿನವೇ ಅವಳ ಚಹದ ಕಪ್ಪನ್ನು ಬೇರೆ ಇಡಿಸಿದವರು ಅವರೇ. ಔಷಧಿ ಹತ್ತಿದೆ, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ, "ಪೂರಾ ಆರಾಮ ಆಗೋತನಕ ಬಾಗಲಕೋಟಿ ತವರಮನ್ಯಾಗ ಇರ್ಲಿ" ಎಂದು ಹಟ ಹಿಡಿದಿದ್ದರು.

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಲಲಿತಾ ಬಂದು, ಮೈಯೊಳಗೆ ಸುಮ್ಮನೆ ಮಲಗಿರುವ ಕ್ಷಯದ ಕ್ರಿಮಿಯನ್ನು ಹಿಡಿಯುವ ಹೊಸ ಪರೀಕ್ಷೆಯಿದು ಎಂದು ವಿವರಿಸಿ, ಮನೆಯ ಉಳಿದವರೆಲ್ಲರ ಮುಂಗೈಗೆ ಸಣ್ಣ ಸೂಜಿ ಚುಚ್ಚಿ ಹೋದಳು. ಸೂಜಿ ಕಂಡು ಕಣ್ಣು ಮುಚ್ಚಿದ್ದ ಫಕ್ರುಸಾಬರ ಕಿವಿಯೂ ಮುಚ್ಚಿಕೊಂಡಿತ್ತೆಂದು ಕಾಣುತ್ತದೆ.

ಮರುದಿನ ಅವರೊಬ್ಬರ ಕೈಮೇಲೆ ಗಟ್ಟಿ ಗುಳ್ಳೆ ಎದ್ದಿತು. ಚಿಕ್ಕಂದಿನಲ್ಲಿ ಲಸಿಕೆಗೆ ಗುಳ್ಳೆ ಎದ್ದಾಗ 'ಹತ್ತಿತು' ಎಂದು ತಾಯಿ ಬಾಯಿಗೆ ಸಕ್ಕರೆ ಹಾಕಿದ್ದು ಅವರಿಗೆ ನೆನಪಿತ್ತು. ಅಂಗಿಯ ತೋಳು ಮಡಚಿಕೊಂಡೇ ಚಹದಂಗಡಿಗೆ ನಡೆದರು.

"ನೋಡಲೇ ಬೀರಲಿಂಗ, ಹೆಂಗ ಹತ್ತೇತಿ! ಉಳದವರ ಕೈ ಬರೇ ಸಪಾಟ."

"ಹಂಗಾರ ಅವರನ್ನೂ ಊರು ಬಿಡಸ್ತಿ ಏನು?" ಎಂದ ಗೆಳೆಯ.

"ಫೇಲ್ ಆದವರು ಯಾರರ ಇರ್ಲಿ, ನರ್ಗೀಸನ ಸಂಗಡ ಬಸ್ ಹತ್ತೋದ!"

ಇದನ್ನೇ ಮನೆಯಲ್ಲೂ ಸಾರಿದರು. ಮಾರನೆಯ ದಿನ ಲಲಿತಾ ಬಂದು ಗುಳ್ಳೆಗೆ ಅಳತೆಪಟ್ಟಿ ಹಿಡಿದಳು.

"ಕಾಕಾ, ಕ್ರಿಮಿ ನಿಮ್ಮೊಳಗ ಮಲಗೇತ್ರಿ."

"ಏ, ಇದು ಸಣ್ಣಾಂವ ಇದ್ದಾಗ ಹಾಕಿದ ಲಸಿಕಿದವ್ವ!"

"ಹಳೇ ಪರೀಕ್ಷಾ ಲಸಿಕಿಗೂ ಮೋಸ ಹೋಗತಿತ್ರಿ, ಇದು ಹೋಗಂಗಿಲ್ಲ. ಸಂಶಯ ಇದ್ರ ರಕ್ತಾ ಕೊಡ್ರಿ, ಲ್ಯಾಬಿನ್ಯಾಗೂ ನೋಡ್ತಾರ. ಮಲಗಿದ್ದು ಯಾರಿಗೂ ಅಂಟಂಗಿಲ್ಲ. ಎಕ್ಸರೇ ತಗಸ್ರಿ, ಅದು ಏಳದಂಗ ಗುಳಗಿ ಕೊಡ್ತಾರ."

ಫಕ್ರುಸಾಬರು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡರು. ಮುಖ ಮುಚ್ಚುವಷ್ಟು ಬಟ್ಟೆ ಅದರಲ್ಲಿರಲಿಲ್ಲ.

"ಬೀಗರ ಮನಿಗೆ ನಿಮ್ಮ ಕಪ್ಪೂ ಕಟ್ಟಲೇನ್ರಿ?" ಎಂದಳು ಹೆಂಡತಿ ಮುಮ್ತಾಜ.

ನರ್ಗೀಸ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ನೀ... ಇಲ್ಲೇ ಇರು," ಎಂದರು ಫಕ್ರುಸಾಬರು.

"ಅಬ್ಬಾ, ಗೋಡಿಗೆ ಹೇಳಿದ್ರೋ, ನನಗೋ?" ಎಂದಳು ಸೊಸೆ.

ಅವರು ಅವಳತ್ತ ತಿರುಗಿದರು. "ನಿನಗವ್ವ. ನಂದು ಭಾಳ ತಪ್ಪಾತು."

"ವಿಚಾರ ಮಾಡ್ತೇನ್ರಿ," ಎಂದು ಅವಳು ಒಳಗೆ ಹೋದಳು. ಅವಳು ಕಟ್ಟಿಟ್ಟ ಚೀಲ ಹೊಸ್ತಿಲಲ್ಲೇ ಇತ್ತು. ಅದನ್ನು ಒಳಗೆ ಒಯ್ಯುವ ಅಧಿಕಾರ ತನಗಿದೆಯೋ ಇಲ್ಲವೋ ತಿಳಿಯದೆ ಫಕ್ರುಸಾಬರು ಅಲ್ಲೇ ನಿಂತರು.