ಬಿಲ್ಲೆಯ ಮೇಲಿನ ಕಂದು ಪದರ

ನಮ್ಮ ಅತ್ತಿಗೆ ಒಂದು ಸೇಡನ್ನು ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ನನ್ನ ಕೈಲಿ ಆರು ದಿನವೂ ಆಗುತ್ತಿರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ.

ನಾವಿಬ್ಬರೂ ಒಂದೇ ಕಾರ್ಖಾನೆಯವರು. ಬಿಸಿನೀರಿನ ಪಂಪುಗಳಿಗೆ ಪ್ಲಾಸ್ಟಿಕ್ ಬುಷ್, ಅಂದರೆ ತಿರುಗುವ ದಂಡಕ್ಕೆ ತೊಡಿಸುವ ಬಳೆ, ಮಾಡುತ್ತೇವೆ. ನಾನು ಲೇತಿನವನು, ಅತ್ತಿಗೆ ಪರೀಕ್ಷೆಯ ಕೋಣೆಯವರು. ಬಕೆಟ್ಟಿನ ಪ್ಲಾಸ್ಟಿಕ್ ಎಂದು ಮೂಗು ಮುರಿಯಬೇಡಿ. ಇದು ಎರಡು ಜಾತಿ ಬೆರೆಸಿದ ಮಾಲು: ಒಂದು ಬಿಸಿಗೆ ಬಗ್ಗುವುದಿಲ್ಲ, ಇನ್ನೊಂದು ಸುಲಭಕ್ಕೆ ಸವೆಯುವುದಿಲ್ಲ. ಆದರೆ ಗಾಳಿಯ ತೇವವನ್ನು ಸದ್ದಿಲ್ಲದೆ ಕುಡಿಯುತ್ತದೆ. ಅಚ್ಚಿಗೆ ಹಾಕುವ ಮುಂಚೆ ಪ್ಲಾಸ್ಟಿಕ್ ಕಾಳನ್ನು ಎಂಟು ಗಂಟೆ ಒಲೆಯಲ್ಲಿ ಒಣಗಿಸಲೇಬೇಕು.

ಆರು ವರ್ಷದ ಹಿಂದೆ ನಮ್ಮ ಮ್ಯಾನೇಜರು ಮೂರೇ ಗಂಟೆ ಒಣಗಿಸಿ ಒಲೆ ತೆಗೆಸಿದ. ಮಾರಾಟ ವಿಭಾಗದಿಂದ ಬಂದ ಮಹಾಶಯ. ನೆಲ, ಯಂತ್ರ, ಬೂಟು ಎಲ್ಲ ಮಿಂಚುತ್ತಿರಬೇಕು. ನಾವು ಅವನಿಗಿಟ್ಟ ಹೆಸರು ಹೊಳಪು. ಆ ಬುಷ್‌ಗಳು ಬಿಸಿಯಲ್ಲಿ ಮೆತ್ತಗಾಗಿ ಬೇಗ ಸವೆಯುತ್ತಿವೆ, ಕಳಿಸಬೇಡಿ ಎಂದು ಅತ್ತಿಗೆ ಹೇಳಿದರು. ಅವನು ಹಳೆಯ ಮಾಲಿನ ಪರೀಕ್ಷೆಯ ಲೆಕ್ಕವನ್ನೇ ಅತ್ತಿಗೆಯ ಹೆಸರಿನಲ್ಲಿ ಬುಷ್‌ಗಳ ಜೊತೆ ಗಿರಾಕಿಗೆ ಕಳಿಸಿಬಿಟ್ಟ. ಪಂಪುಗಳು ಕೆಟ್ಟು ನಿಂತಾಗ, "ಆಯಮ್ಮನಿಗೆ ಏನೂ ಗೊತ್ತಿಲ್ಲ, ನೆಟ್ಟಗೆ ತೂಕ ನೋಡೋಕೂ ಬರಲ್ಲ" ಎಂದು ಮಾಲೀಕರ ಮುಂದೆ ಕೈ ತೊಳೆದುಕೊಂಡ. ಅತ್ತಿಗೆಯನ್ನು ಪ್ಯಾಕಿಂಗಿಗೆ ತಳ್ಳಿದರು. ಕೂದಲೆಳೆಯಷ್ಟು ಸವೆತ ಅಳೆಯುತ್ತಿದ್ದ ಕೈ ರಟ್ಟಿನ ಡಬ್ಬಕ್ಕೆ ಟೇಪು ಅಂಟಿಸಲು ಕೂತಿತು. ನನ್ನ ಮೈಯೆಲ್ಲ ಉರಿದುಹೋಯಿತು. ಅತ್ತಿಗೆ ಹೇಳಿದ್ದು ಇಷ್ಟೇ: "ಆ ಕೋಣೆ ನನಗೆ ವಾಪಸ್ ಬೇಕು. ಅವನು ಬೀದಿಗೆ ಬೀಳಬೇಕು. ಎರಡೂ ಆಗೋವರೆಗೆ ನಾನು ಎಲ್ಲಿಗೂ ಹೋಗಲ್ಲ."

ಈ ವರ್ಷ ಪರೀಕ್ಷೆಯ ಕೋಣೆಯವನು ಕೆಲಸ ಬಿಟ್ಟ. ಅದೇ ಹೊತ್ತಿಗೆ ಹೊಸ ಮಿಶ್ರಣ ನೋಡಲು ದೊಡ್ಡ ಗಿರಾಕಿ ಬರುವುದಿತ್ತು. ಬೇರೆ ದಾರಿಯಿಲ್ಲದೆ ಹೊಳಪು ಅತ್ತಿಗೆಯನ್ನು ಕರೆದ. "ಇದೊಂದು ಸರಿಯಾಗಿ ಆದ್ರೆ ಕೋಣೆ ನಿಮ್ಮದೇ ಕಣ್ರಮ್ಮ" ಎಂದು ಮಾಲೀಕರೂ ಮಾತು ಕೊಟ್ಟರು.

ಸವೆತ ಅಳೆಯುವ ಯಂತ್ರದಲ್ಲಿ ಬಿಸಿ ಮಾಡಿದ ಉಕ್ಕಿನ ಬಿಲ್ಲೆ ತಿರುಗುತ್ತದೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಕಡ್ಡಿ ಒತ್ತಿಕೊಂಡಿರುತ್ತದೆ. ಮೊದಮೊದಲು ಕಡ್ಡಿ ಚೆನ್ನಾಗಿ ಸವೆಯುತ್ತದೆ. ಸವೆದದ್ದು ಬಿಲ್ಲೆಗೆ ಕಂದು ಪದರವಾಗಿ ಮೆತ್ತಿಕೊಂಡ ಮೇಲೆ ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕೇ ಜಾರುತ್ತದೆ, ಸವೆತ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಅತ್ತಿಗೆ ಎರಡು ದಿನ ಓಡಿಸಿ ಆ ಪದರ ಕೂರಿಸಿದ್ದರು. ಕಡ್ಡಿ ಕೊರೆದುಕೊಟ್ಟವನು ನಾನೇ, ಅಲ್ಲೇ ನಿಂತಿದ್ದೆ.

ಮೂರನೇ ದಿನ ಬೆಳಿಗ್ಗೆ, ಗಿರಾಕಿ ಬರುವುದಕ್ಕೆ ಒಂದು ಗಂಟೆ ಮೊದಲು, ಹೊಳಪು ಕಿವಿಗೆ ಫೋನು ಒತ್ತಿಕೊಂಡೇ ಬಂದ. ಬಿಲ್ಲೆ ನೋಡಿ ಮುಖ ಸಿಂಡರಿಸಿದ. "ಏನಿದು ಗಲೀಜು? ಬಂದವರು ಏನಂದ್ಕೋತಾರೆ?"

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಾಲು ತುಳಿದರು.

"ಒರೆಸಿಬಿಡ್ಲಾ ಸಾರ್?"

"ಇನ್ನೇನು, ಫೋಟೋ ತೆಗೆದು ಗೋಡೆಗೆ ಹಾಕ್ತೀಯಾ? ಥಳಥಳ ಅನ್ಬೇಕು."

"ಹಾಗಾದ್ರೆ ಒರೆಸೋಕೆ ಹೇಳಿದೆ ಅಂತ ಪರೀಕ್ಷೆಯ ಪುಸ್ತಕದಲ್ಲಿ ಒಂದು ಸಾಲು ಬರೆದು ಸೈನ್ ಹಾಕಿ ಸಾರ್."

ಫೋನಿನಲ್ಲಿ ಹಲ್ಲುಕಿರಿಯುತ್ತಲೇ ಅವನು ಬರೆದು ಸಹಿ ಗೀಚಿದ. ಅತ್ತಿಗೆ ಬಿಲ್ಲೆಯನ್ನು ನುಣ್ಣನೆಯ ಉಜ್ಜುಕಾಗದದಿಂದ ತಿಕ್ಕಿದರು, ಸ್ಪಿರಿಟ್ಟಿನಲ್ಲಿ ಒರೆಸಿದರು. ಇಷ್ಟು ಶ್ರದ್ಧೆಯಿಂದ ಅವರು ಮನೆಯ ಪಾತ್ರೆ ತಿಕ್ಕಿದ್ದನ್ನೂ ನಾನು ಕಂಡಿಲ್ಲ.

ಗಿರಾಕಿಯ ಕಡೆಯಿಂದ ನರೆತ ಕೂದಲಿನ ಎಂಜಿನಿಯರಮ್ಮ ಬಂದರು. ಮಾಲೀಕರೂ ಜೊತೆಗಿದ್ದರು. ಯಂತ್ರ ಹತ್ತು ನಿಮಿಷಕ್ಕೇ ಕೀರಲಿಟ್ಟಿತು. ಕಡ್ಡಿಯ ಬಿಸಿ ಏರುತ್ತಲೇ ಹೋಯಿತು, ಕೆಳಗೆ ಪುಡಿ ಉದುರಿತು. ಒಂದು ಗಂಟೆಯ ನಂತರ ತೂಗಿದರೆ, ಸವೆತ ಅವರು ಒಪ್ಪುವ ಮಿತಿಯ ಒಂಬತ್ತು ಪಟ್ಟು. ಹೊಳಪು ಬೆವರುತ್ತಾ, "ನಾನು ಹೇಳ್ಲಿಲ್ವಾ ಸಾರ್, ಈಯಮ್ಮನಿಗೆ..." ಎಂದು ಹಳೆಯ ರಾಗ ತೆಗೆದ. ಅತ್ತಿಗೆ ಪುಸ್ತಕ ತೆರೆದು ಮಾಲೀಕರ ಕೈಗಿಟ್ಟರು. ಅವನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಸುಳ್ಳೇಕೆ ಹೇಳಲಿ.

ಆಗ ಎಂಜಿನಿಯರಮ್ಮ ಅತ್ತಿಗೆಯತ್ತ ತಿರುಗಿದರು. "ಪದರ ಒರೆಸಿದ್ರೆ ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

ಮಾಲೀಕರು ಅತ್ತಿಗೆಯನ್ನೇ ನೋಡುತ್ತಿದ್ದರು. ಗೊತ್ತಿರಲಿಲ್ಲ ಎಂದರೆ ಸಾಕಿತ್ತು, ಮೇಲಿನವರು ಹೇಳಿದಂತೆ ಮಾಡಿದೆ ಎಂದು ಕೋಣೆಗೆ ಮರಳಬಹುದಿತ್ತು.

"ಗೊತ್ತಿತ್ತಮ್ಮ. ಚೆನ್ನಾಗಿ ಗೊತ್ತಿತ್ತು."

ಅದೇ ವಾರ ಹೊಳಪನ್ನು ಮನೆಗೆ ಕಳಿಸಿದರು. ಗೊತ್ತಿದ್ದೂ ಸುಮ್ಮನಿದ್ದವರಿಗೆ ಕೋಣೆ ಕೊಡಲಾಗದು ಎಂದು ಅತ್ತಿಗೆಯನ್ನು ಮತ್ತೆ ಪ್ಯಾಕಿಂಗಿಗೆ ಹಾಕಿದರು.

ಆ ಸಂಜೆ ಮನೆಯಲ್ಲಿ ಅಣ್ಣ ಕೂಗಾಡಿದ. "ನಂಗೆ ಗೊತ್ತಿರ್ಲಿಲ್ಲ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ಅತ್ತಿಗೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಆರು ವರ್ಷದಿಂದ ಅವನು ಎಲ್ಲರ ಹತ್ರ ಹೇಳ್ಕೊಂಡು ಬಂದಿದ್ದೂ ಅದೇ ಅಲ್ವೇನ್ರಿ? ಅದನ್ನ ನನ್ನ ಬಾಯಿಂದಲೇ ಹೇಳಿಸ್ತೀರಾ?"